ಜಿರೋಕಾಸ್ತ್ರದ ಕಲ್ಲುಮಾಡು, ಅಮ್ಮನ ಮಂಡಿ

ಅಲ್ಬೇನಿಯಾದ ಜಿರೋಕಾಸ್ತ್ರದಲ್ಲಿ ಬಸ್ಸು ಇಳಿದ ಕೂಡಲೇ ಜಗಳದಿಂದ ಶುರುವಾಯಿತು. ಮೇಲಿನ ಹಳೇ ಊರಿಗೆ ಎರಡು ಕಿಲೋಮೀಟರೂ ಇರಲಿಕ್ಕಿಲ್ಲ, ಟ್ಯಾಕ್ಸಿಯವನು ಐದು ಸಾವಿರ ಅಂದ. ಅಲ್ಲಿನ ಹಣ ಲೆಕ್, ಒಂದು ಯೂರೋಗೆ ಹೆಚ್ಚುಕಡಿಮೆ ನೂರು. ಅಂದರೆ ಐವತ್ತು ಯೂರೋ! ಬೆಂಗಳೂರಿನ ಆಟೋದವರೇ ವಾಸಿ ಅಂದುಕೊಂಡು, ಎರಡು ಸೂಟ್‌ಕೇಸ್ ಎಳೆದುಕೊಂಡು, ಅಮ್ಮನನ್ನೂ ಕರೆದುಕೊಂಡು ಏರು ಹತ್ತತೊಡಗಿದೆ. ನೂರು ಮಾರು ಹೋಗುವಷ್ಟರಲ್ಲಿ ದೊಡ್ಡ ಸೂಟ್‌ಕೇಸಿನ ಒಂದು ಗಾಲಿ ಕಲ್ಲುಸಂದಿಗೆ ಸಿಕ್ಕಿ ಕಿತ್ತುಬಂತು. ಹಿಂದಿನಿಂದ ಅದೇ ಟ್ಯಾಕ್ಸಿ ನಿಧಾನಕ್ಕೆ ಬಂದು ನಿಂತಿತು. ಆತ ಇಳಿದು, ಏನೂ ಮಾತಾಡದೆ ನನ್ನ ಪರ್ಸಿನ ಕಡೆ ಕೈ ತೋರಿಸಿದ. ತೆಗೆದು ಹಿಡಿದೆ. ಅದರೊಳಗಿಂದ 500ರ ಒಂದು ನೋಟು ಎಳೆದುಕೊಂಡು, "ಐದು ಸಾವಿರ" ಅಂದು ಸೂಟ್‌ಕೇಸನ್ನು ಡಿಕ್ಕಿಗೆ ಹಾಕಿದ.

ಅಲ್ಬೇನಿಯಾದಲ್ಲಿ 1965ರಲ್ಲಿ ಹಣದ ಬೆಲೆಯಿಂದ ಒಂದು ಸೊನ್ನೆ ತೆಗೆದುಹಾಕಿದರು, ಹತ್ತು ಹಳೇ ಲೆಕ್‌ಗೆ ಒಂದು ಹೊಸ ಲೆಕ್. ಜನರ ಬಾಯಿಂದ ಮಾತ್ರ ಆ ಸೊನ್ನೆ ಇನ್ನೂ ಹೋಗಿಲ್ಲ. ನಮ್ಮ ಅಜ್ಜಿ ಕೊನೇವರೆಗೂ ಎಂಟಾಣೆಯನ್ನು ಐವತ್ತು ಪೈಸೆ ಅಂತ ಒಪ್ಪಿಕೊಳ್ಳಲೇ ಇಲ್ಲವಲ್ಲ, ಹಾಗೆ. ಅಲ್ಲಿಗೆ ಹೋಗುವವರು ಯಾರಾದರೂ ಬೆಲೆ ಕೇಳಿ ಹೌಹಾರಿದರೆ ಮೊದಲು ಒಂದು ಸೊನ್ನೆ ಬಿಟ್ಟು ನೋಡಿ. ಆಮೇಲೆ ಜಗಳ.

ಊರಿನ ಹೆಸರು ಜಿರೋಕಾಸ್ತ್ರ. ಮೊದಲ ಅಕ್ಷರ ನಮ್ಮ ಗ ಮತ್ತು ಜ ನಡುವೆ ಎಲ್ಲೋ ಹುಟ್ಟುತ್ತದೆ, ನನ್ನ ನಾಲಗೆಗೆ ಹೊರಳಲಿಲ್ಲ. ದಕ್ಷಿಣ ಅಲ್ಬೇನಿಯಾದಲ್ಲಿ ದ್ರಿನೊ ನದಿ ಕಣಿವೆಯ ಪಕ್ಕ, ಬೆಟ್ಟದ ಇಳಿಜಾರಿಗೆ ಕಚ್ಚಿಕೊಂಡ ಊರು. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಕ್ಕ ಮ್ಯೂನಿಕ್‌ನಲ್ಲಿದ್ದಾಳೆ. ಅವಳ ಮನೆಗೆ ಬಂದಿದ್ದ ಅಮ್ಮನಿಗೆ "ಇಲ್ಲೆಲ್ಲಾ ಬರೀ ಗಾಜಿನ ಕಟ್ಟಡ, ಹಳೇದು ಏನಾದ್ರೂ ತೋರಿಸೋ" ಅನ್ನಿಸಿತ್ತು. ಗ್ರೀಸಿನ ಕೊರ್ಫು ದ್ವೀಪಕ್ಕೆ ವಿಮಾನ, ಅಲ್ಲಿಂದ ದೋಣಿಯಲ್ಲಿ ಅಲ್ಬೇನಿಯಾದ ಬಂದರು ಸರಾಂಡ, ಸರಾಂಡದಿಂದ ಬಸ್ಸು, ಹೀಗೆ ಹೊರಟೆವು. ಅಮ್ಮನಿಗೆ 67, ಎರಡೂ ಮಂಡಿ ನೋವು. ಇಂಥವಳನ್ನು ಬೆಟ್ಟದ ಊರಿಗೆ ಕರೆದುಕೊಂಡು ಹೋಗುವ ಯೋಚನೆ ನನ್ನದೇ. ಬೈಸಿಕೊಂಡದ್ದೂ ನಾನೇ.

ವೀಸಾ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಅಲ್ಬೇನಿಯಾ ಷೆಂಗೆನ್‌ಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಸೇರಿಲ್ಲ. ಆದರೆ ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ ಇದ್ದು, ಅದನ್ನು ಒಮ್ಮೆಯಾದರೂ ಬಳಸಿದ್ದರೆ ನಮ್ಮ ಪಾಸ್‌ಪೋರ್ಟಿನವರನ್ನೂ ಬೇರೆ ವೀಸಾ ಕೇಳದೆ ಒಳಗೆ ಬಿಡುತ್ತಾರೆ. ಸರಾಂಡದ ಕಟ್ಟೆಯಲ್ಲಿ ಅಧಿಕಾರಿ ಪುಟ ತಿರುವಿ ತಿರುವಿ ಹುಡುಕಿದ್ದು ಜರ್ಮನಿಯ ಆ ಮುದ್ರೆಯನ್ನೇ. ಸಿಂಗಲ್ ಎಂಟ್ರಿ ವೀಸಾ ಇದ್ದವರು ಈ ಸಾಹಸಕ್ಕೆ ಹೋಗಬೇಡಿ, ಗ್ರೀಸಿಗೆ ವಾಪಸು ಹೋಗಲು ದಾರಿ ಇರುವುದಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಅವರ ಸರ್ಕಾರದ ಜಾಲತಾಣ ನೋಡಿಕೊಳ್ಳುವುದು ಕ್ಷೇಮ. ಇನ್ನೊಂದು, ಯುರೋಪಿನ ಸಿಮ್ ಅಲ್ಲಿ ಪುಕ್ಕಟೆ ನಡೆಯುವುದಿಲ್ಲ. ದೋಣಿ ಇಳಿಯುವ ಮುಂಚೆಯೇ ಡೇಟಾ ಆಫ್ ಮಾಡಿ. ಗಡಿಯಾರವನ್ನೂ ಒಂದು ಗಂಟೆ ಹಿಂದಕ್ಕೆ ತಿರುಗಿಸಿ.

ಈಗ ನಿಜವಾದ ತಪ್ಪಿಗೆ ಬರುತ್ತೇನೆ. ಮನೆಯ ಎರಡು ಕೋಣೆ ಬಾಡಿಗೆಗೆ ಕೊಡುವ ಕಡೆ ಬುಕ್ ಮಾಡಿದ್ದೆ. "ಕೋಟೆಯಿಂದ ಐದು ನಿಮಿಷ" ಅಂತ ಬರೆದಿತ್ತು. ಮ್ಯಾಪು ಕೂಡ 350 ಮೀಟರು ಅಂತಲೇ ತೋರಿಸುತ್ತಿತ್ತು. ಮ್ಯಾಪಿಗೆ ಏರು ಗೊತ್ತಾಗುವುದಿಲ್ಲ. ನಾನು ಮೊದಲೇ ಮೆಸೇಜು ಮಾಡಿ ವೈಫೈ ಇದೆಯಾ, ಬಿಸಿನೀರು ಇದೆಯಾ ಅಂತೆಲ್ಲ ಕೇಳಿದ್ದೆ. ಕೇಳಬೇಕಾಗಿದ್ದದ್ದು, ಕಾರು ಎಲ್ಲಿವರೆಗೆ ಬರುತ್ತದೆ, ಅಲ್ಲಿಂದ ಎಷ್ಟು ಮೆಟ್ಟಿಲು ಅಂತ. ಟ್ಯಾಕ್ಸಿ ಪೇಟೆಯ ಮೇಲಿನ ತಿರುವಿನಲ್ಲಿ ನಿಂತುಬಿಟ್ಟಿತು. ಅಲ್ಲಿಂದ 84 ಮೆಟ್ಟಿಲು. ಎಣಿಸಿದ್ದು ಅಮ್ಮ.

ಅಲ್ಲಿನ ಬೀದಿಗಳ ಬಗ್ಗೆ ಒಂದು ಮಾತು. ಪೇಟೆಯ ಬೀದಿಗೆ ಕಪ್ಪು, ಬಿಳಿ, ತುಸು ಕೆಂಪು ಬಣ್ಣದ ಸಣ್ಣ ಕಲ್ಲುಗಳನ್ನು ರಂಗೋಲಿ ಎಳೆದ ಹಾಗೆ ಜೋಡಿಸಿದ್ದಾರೆ. ನೋಡಲು ಬಲು ಚಂದ. ಆದರೆ ತಲೆಮಾರುಗಳ ಕಾಲು ತಾಗಿ ಆ ಕಲ್ಲುಗಳ ನೆತ್ತಿ ಬೆಣ್ಣೆಯ ಹಾಗೆ ನುಣುಪಾಗಿದೆ. ಮಳೆ ಬಿದ್ದರೆ ಪಾಚಿಕಟ್ಟಿದ ಬಾವಿಕಟ್ಟೆಯೇ. ನಾವು ಹೋದದ್ದು ಅಕ್ಟೋಬರ್ ಕೊನೆಗೆ, ಮಳೆ ಆಗಾಗ ಬರುತ್ತಿತ್ತು. ಹೊಸ ಶೂ ಹಾಕಿಕೊಂಡಿದ್ದ ನಾನೇ ಎರಡು ಸಲ ಜಾರಿದೆ. ಹಳೇ ಕ್ಯಾನ್ವಾಸ್ ಶೂ, ಕೈಯಲ್ಲೊಂದು ಛತ್ರಿ ಊರಿಕೊಂಡು ನಡೆದ ಅಮ್ಮ ಒಮ್ಮೆಯೂ ಜಾರಲಿಲ್ಲ. "ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಅಭ್ಯಾಸ ಇರಬೇಕು ಮಾರಾಯ" ಅಂದಳು.

ಆ ರಾತ್ರಿ ಜೋರು ಮಳೆ. ನಮ್ಮ ಕೋಣೆಯ ಕಿಟಕಿ ತೆರೆದರೆ ಕೆಳಗಿನ ಮನೆಯ ಮಾಡು ಕೈಗೆ ಸಿಗುವಷ್ಟು ಹತ್ತಿರ. ಈ ಊರು ಹೆಸರಾಗಿರುವುದೇ ಆ ಮಾಡುಗಳಿಂದ. ಹೆಂಚಲ್ಲ, ಬೂದು ಸುಣ್ಣಕಲ್ಲಿನ ಚಪ್ಪಡಿಗಳು. ಒಂದೊಂದು ಮೊರದಷ್ಟು ಅಗಲ, ಅಂಚು ಕತ್ತರಿಸಿ ನೇರ ಮಾಡಿದ್ದಲ್ಲ, ಒಡೆದ ಹಾಗೇ ಇಟ್ಟದ್ದು. ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಅರ್ಧ ಹೊದಿಸಿದ್ದಾರೆ. ಗಾರೆ ಇಲ್ಲ, ತೂಕವೇ ಹಿಡಿದು ನಿಲ್ಲಿಸಬೇಕು. ಮೂಡಬಿದಿರೆಯ ಬಸದಿಗಳ ಕಲ್ಲುಮಾಡು ನೋಡಿದವರಿಗೆ ಅಂದಾಜು ಸಿಕ್ಕೀತು, ಆದರೆ ಅಲ್ಲಿಯವು ಸಲೀಸಾಗಿ ಕಡಿದ ಉದ್ದನೆ ಹಲಗೆಗಳು. ಇಲ್ಲಿಯವು ಚೂರುಪಾರು. ನಾನು ಮಳೆಯ ಸದ್ದಿಗೆ ಕಾದೆ. ನಮ್ಮೂರ ಮಂಗಳೂರು ಹೆಂಚಿನ ಮೇಲೆ ಬೀಳುವ ಆ ಸದ್ದು ಇಲ್ಲವೇ ಇಲ್ಲ! ಕಲ್ಲು ಮಳೆಯನ್ನು ನುಂಗಿಕೊಂಡು ಸುಮ್ಮನಿತ್ತು, ಸೂರಂಚಿನಲ್ಲಿ ಮಾತ್ರ ನೀರು ಇಳಿಯುವ ಸದ್ದು. ಅಮ್ಮ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದಳು, "ಇಷ್ಟು ಭಾರ ಹೊರೋ ಪಕಾಸಿ ಯಾವ ಮರದ್ದಿರಬಹುದೋ?"

ಆ ಪ್ರಶ್ನೆಗೆ ಉತ್ತರ ಬೆಳಿಗ್ಗೆ ಅರ್ಧ ಸಿಕ್ಕಿತು. ಕೆಳಮನೆ ಮಾಡಿನ ಮೇಲೆ ಒಬ್ಬಾತ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೂತಿದ್ದ. ಒಂದು ಚಪ್ಪಡಿಯ ಕೆಳಗೆ ಮಂಡಿ ಕೊಟ್ಟು ಎತ್ತುತ್ತಾನೆ, ಪಕ್ಕದ್ದನ್ನು ಕೈಯಿಂದ ಒಂದು ಬೆರಳಗಲ ಸರಿಸುತ್ತಾನೆ, ಬಿಡುತ್ತಾನೆ. ಟಕ್. ಮತ್ತೆ ಇನ್ನೊಂದು. ಮನೆಯೊಡತಿ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ವಿವರಿಸಿದಳು. ಕಲ್ಲಿಗೆ ಏನೂ ಆಗುವುದಿಲ್ಲ, ಒಂದು ಕಲ್ಲು ಜರುಗಿದರೆ ನೀರು ಒಳಗೆ ಇಳಿದು ಮರ ಕೊಳೆಯುತ್ತದೆ. ಮರ ಕೊಳೆತರೆ ಅಷ್ಟೂ ತೂಕ ಒಂದೇ ಸಲ ಒಳಗೆ. ಪ್ರತಿ ವರ್ಷ ಯಾರಾದರೂ ಹತ್ತಬೇಕು. ಹತ್ತುವವರು ಎಲ್ಲಿದ್ದಾರೆ? ಎಲ್ಲ ಗ್ರೀಸಿನಲ್ಲಿ, ಇಟಲಿಯಲ್ಲಿ. ಒಂದು ಮನೆಗೆ ಹತ್ತು ವಾರಸುದಾರರು, ಹತ್ತೂ ಜನ ಬೇರೆ ಬೇರೆ ದೇಶ. ಆಮೇಲೆ ಓಣಿಗಳಲ್ಲಿ ಓಡಾಡುವಾಗ ಕಣ್ಣು ತಾನಾಗಿ ಮಾಡುಗಳ ಕಡೆ ಹೋಗತೊಡಗಿತು. ಮೂರು ಮನೆ ನೆಟ್ಟಗಿದ್ದರೆ ನಾಲ್ಕನೆಯದರ ನಡುಬೆನ್ನು ಕುಸಿದು, ಒಳಗಿಂದ ಅಂಜೂರದ ಗಿಡ ಇಣುಕುತ್ತಿರುತ್ತದೆ.

ಕೋಟೆಗೆ ಹೋಗುವ ಬಗ್ಗೆ ನಾನು ಓದಿದ ಕಡೆಯೆಲ್ಲ ಒಂದೇ ಸಲಹೆ ಇತ್ತು: ವಯಸ್ಸಾದವರಿದ್ದರೆ ಟ್ಯಾಕ್ಸಿಯಲ್ಲಿ ಮೇಲೆ ಹೋಗಿ, ಇಳಿಯುವಾಗ ನಡೆದು ಬನ್ನಿ. ಹಾಗೇ ಮಾಡಿದೆವು. ಕೋಟೆ ಬಾಗಿಲ ಹತ್ತಿರದವರೆಗೂ ಕಾರು ಹೋಗುತ್ತದೆ. ಒಳಗೆ ಹೋದ ಕೂಡಲೇ ಎತ್ತರದ ಕಮಾನುಗಳ ಉದ್ದನೆ ಕತ್ತಲ ಓಣಿ, ಎರಡೂ ಕಡೆ ಎರಡನೇ ಮಹಾಯುದ್ಧದಲ್ಲಿ ಕೈಗೆ ಸಿಕ್ಕಿದ ಫಿರಂಗಿಗಳ ಸಾಲು, ಮೇಲಿಂದ ತಟಕು ತಟಕು ಅಂತ ನೀರಿನ ಹನಿ. ಆಚೆ ಬಯಲಿಗೆ ಬಂದರೆ ಅಮೆರಿಕದ ಒಂದು ಹಳೇ ಜೆಟ್ ವಿಮಾನ! 1957ರಲ್ಲಿ ಅಲ್ಬೇನಿಯಾದಲ್ಲಿ ಇಳಿಯಬೇಕಾಗಿ ಬಂದ ವಿಮಾನ. ಅದನ್ನು ಬೇಹುಗಾರಿಕೆಯದ್ದು ಅಂತ ಇಲ್ಲಿ ತಂದು ಮೆರೆಸಿದರು. ಈಗ ಅದರ ಚರ್ಮ ಸುಲಿದ ಹಾಗೆ ಬಣ್ಣ ಹೋಗಿದೆ, ಮಕ್ಕಳು ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ. ಅದರಾಚೆ ಜಾನಪದ ಉತ್ಸವದ ವೇದಿಕೆ, 1968ರಿಂದ ನಡೆದುಕೊಂಡು ಬಂದದ್ದು. ತುದಿಯಲ್ಲಿ ಗಡಿಯಾರದ ಗೋಪುರ. ಕೋಟೆಯನ್ನು 1811-12ರ ಹೊತ್ತಿಗೆ ವಶಕ್ಕೆ ತೆಗೆದುಕೊಂಡು ದೊಡ್ಡದು ಮಾಡಿದವನು ಅಲಿ ಪಾಶಾ, ಒಟ್ಟೊಮನ್ನರ ಕೈಕೆಳಗಿದ್ದೂ ಅವರ ಮಾತು ಕೇಳದ ಪಾಳೇಗಾರ. ಇಪ್ಪತ್ತನೇ ಶತಮಾನದಲ್ಲಿ ಅದೇ ಕೋಟೆ ಜೈಲಾಯಿತು. ಅಲ್ಬೇನಿಯಾದ ರಾಜ ಜೋಗ್, ಆಮೇಲೆ ಕಮ್ಯುನಿಸ್ಟರು, ಎಲ್ಲರೂ ತಮಗಾಗದವರನ್ನು ಅಲ್ಲೇ ಕೂಡಿದ್ದು. ಅಮ್ಮ ಆ ಕೋಣೆಗಳೊಳಗೆ ಬರಲಿಲ್ಲ.

ಇಳಿಯಲು ಶುರು ಮಾಡಿದ ಮೇಲೆ ಗೊತ್ತಾಯಿತು, ಆ ಸಲಹೆ ಬರೆದವರಿಗೆ ಮಂಡಿ ನೋವಿಲ್ಲ ಅಂತ. ಏರುವಾಗ ಸುಸ್ತು, ಅಷ್ಟೆ. ಕೂತರೆ ಹೋಗುತ್ತದೆ. ಇಳಿಯುವಾಗ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ, ಅದೂ ನುಣುಪು ಕಲ್ಲಿನ ಮೇಲೆ ಬ್ರೇಕ್ ಹಾಕುತ್ತಾ. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಏಡಿಯ ಹಾಗೆ ಅಡ್ಡಡ್ಡ ಇಳಿದಳು. ಮಾರನೇ ದಿನ ಲೆಕ್ಕ ಉಲ್ಟಾ ಮಾಡಿದೆವು: ಹೋಗುವಾಗ ಕೂತು ಕೂತು ಹತ್ತುವುದು, ಬರುವಾಗ ಟ್ಯಾಕ್ಸಿ. ಐದು ಸಾವಿರ ಹಳೇ ಲೆಕ್ ಧಾರಾಳವಾಗಿ ಕೊಟ್ಟೆ.

ಹಾಗೆ ಕೂತು ಕೂತು ಹತ್ತಿದ್ದು ಪಲೊರ್ತೊ ಅನ್ನುವ ಕೇರಿಗೆ. ಈ ಊರಿನ ಇಬ್ಬರು ದೊಡ್ಡ ಹೆಸರಿನವರು ಹುಟ್ಟಿದ್ದು ಅಲ್ಲೇ. ನಲವತ್ತು ವರ್ಷ ದೇಶವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಎನ್ವರ್ ಹೋಜಾ (1908) ಮತ್ತು ಕಾದಂಬರಿಕಾರ ಇಸ್ಮಾಯಿಲ್ ಕದರೆ (1936). ಹೋಜಾ ಹುಟ್ಟಿದ ಮನೆ ಸುಟ್ಟುಹೋಗಿತ್ತು. ಅದೇ ಜಾಗದಲ್ಲಿ 1966ರಲ್ಲಿ ಊರಿನ ಹಳೇ ಮನೆಗಳ ಮಾದರಿಯಲ್ಲೇ ಹೊಸದು ಕಟ್ಟಿ ವಸ್ತುಸಂಗ್ರಹಾಲಯ ಮಾಡಿದರು. ಈಗ ಅಲ್ಲಿ ಹಳೇ ಕಾಲದ ಪಾತ್ರೆ, ಮಗ್ಗ, ತೊಟ್ಟಿಲು ಇಟ್ಟಿದ್ದಾರೆ. ನನಗೆ ಅದು ಅಷ್ಟಾಗಿ ಹಿಡಿಸಲಿಲ್ಲ, ಎಲ್ಲ ಜೋಡಿಸಿಟ್ಟ ಹಾಗಿತ್ತು. ಹಿಡಿಸಿದ್ದು ಹತ್ತಿರದ ಸ್ಕೆಂಡುಲಿ ಮನೆ. ಕಮ್ಯುನಿಸ್ಟ್ ಕಾಲದಲ್ಲಿ ಸರ್ಕಾರದ ಪಾಲಾಗಿದ್ದು, ಆಮೇಲೆ ಮನೆತನಕ್ಕೆ ಮರಳಿ ಬಂದಿದೆ. ಮನೆಯವರೇ ನಿಂತು ತೋರಿಸುತ್ತಾರೆ. ಒಂದೇ ಮನೆ ನೋಡಲು ಸಮಯ ಇದ್ದರೆ ಅದನ್ನು ನೋಡಿ. ಎರಡಾದರೆ ಇನ್ನೂ ಮೇಲಿರುವ ಜೆಕಾತೆ ಮನೆ, ಅವಳಿ ಗೋಪುರದ್ದು. ಮೂರನೆಯದು ಬೇಡ, ತಲೆಯಲ್ಲಿ ಒಂದರೊಳಗೊಂದು ಕಲಸಿಹೋಗುತ್ತದೆ.

ಸ್ಕೆಂಡುಲಿ ಮನೆಗೆ 9 ಒಲೆಗೂಡು, 64 ಕಿಟಕಿ ಅಂತ ಲೆಕ್ಕ ಹೇಳಿದರು. ಹೊಗೆಗೂಡು ಹೆಚ್ಚಿದ್ದಷ್ಟೂ ಮನೆತನ ದೊಡ್ಡದು. ನಾನು ಫೋಟೊ ತೆಗೆಯುತ್ತಿದ್ದೆ. ಅಮ್ಮ ಮನೆಯನ್ನು ಓದುತ್ತಿದ್ದಳು. ಕೆಳ ಅಂತಸ್ತಿನಲ್ಲಿ ದಪ್ಪ ಗೋಡೆಯ ಕತ್ತಲ ಕೋಣೆ, ಅದು ನೀರಿನ ತೊಟ್ಟಿ. ಮಾಡಿನಿಂದ ಇಳಿದ ಮಳೆನೀರೆಲ್ಲ ಗೋಡೆಯ ಕೊಳವೆಯಲ್ಲಿ ಅಲ್ಲಿಗೆ ಬರಬೇಕು. "ದಂಬೆ ಕಟ್ಟಿ ಹಂಡೆಗೆ ಬಿಡ್ತಿದ್ವಲ್ಲ, ಇದು ಅದೇ. ಇವರು ಹಂಡೆಯನ್ನೇ ಮನೆಯೊಳಗೆ ಕಟ್ಕೊಂಡಿದಾರೆ" ಅಂದಳು. ರಾತ್ರಿ ಸದ್ದಿಲ್ಲದೆ ಸುರಿದ ಮಳೆ ಎಲ್ಲಿಗೆ ಹೋಯಿತು ಅನ್ನುವುದು ನನಗೆ ಆಗ ಹೊಳೆದದ್ದು. ಬುಗ್ಗೆ ಕಡಿಮೆಯಿರುವ ಗುಡ್ಡದ ಮೇಲೆ, ವೈರಿಗಳು ಬಂದರೆ ವಾರಗಟ್ಟಲೆ ಬಾಗಿಲು ಹಾಕಿಕೊಂಡು ಕೂರುವ ಕಾಲದಲ್ಲಿ, ಆ ಮಾಡು ಬರೀ ನೆರಳಿಗಲ್ಲ, ಕೆರೆಗೆ ನೀರು ಹಾಯಿಸುವ ಗುಡ್ಡವೂ ಅದೇ. ಮೇಲೆ ಮೊದಲ ಅಂತಸ್ತು ಚಳಿಗಾಲಕ್ಕೆ, ಅದರ ಮೇಲಿನದು ಬೇಸಿಗೆಗೆ. ಸಂಸಾರವೇ ವರ್ಷಕ್ಕೆರಡು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು.

ಬೇಸಿಗೆ ಅಂತಸ್ತಿನ ಅತಿಥಿಕೋಣೆಗೆ ಚಿತ್ರ ಬರೆದ ಗೋಡೆ, ಬಣ್ಣದ ಗಾಜು. ಒಂದು ಬದಿಗೆ ಎತ್ತರದಲ್ಲಿ ಮರದ ಜಾಲರಿಯ ಸಣ್ಣ ಅಟ್ಟಣಿಗೆ. ಗಂಡಸರು ಕೆಳಗೆ ಮಾತಾಡುವಾಗ ಹೆಂಗಸರು ಅಲ್ಲಿ ಮರೆಯಲ್ಲಿ ಕೂತು ನೋಡುತ್ತಿದ್ದರಂತೆ. ಗುಂಪಿನಲ್ಲಿದ್ದ ಒಬ್ಬಾಕೆ ಪಾಪ ಎನ್ನುವಂತೆ ಲೊಚಗುಟ್ಟಿದಳು. ಅಮ್ಮ ನನ್ನ ಕಿವಿಯಲ್ಲಿ, "ಪಾಪ ಎಂತದ್ದು? ಅಜ್ಜನ ಮನೇಲಿ ಅಡುಗೆಮನೆ ಗೋಡೇಲೊಂದು ಕಿಂಡಿ ಇತ್ತಲ್ಲ, ಜಗಲಿಗೆ ಕಾಣೋದು. ಎಷ್ಟು ಲೋಟ ಕಾಫಿ ಕಳಿಸಬೇಕು ಅಂತ ಎಣಿಸೋಕೆ ಮಾರಾಯ" ಅಂದಳು. ಎರಡೂ ಇದ್ದೀತು. ಆದರೆ ಜಾಲರಿಯ ಹಿಂದೆ ಕೂತವಳಿಗೆ ಕೆಲಸವೂ ಇತ್ತು ಅನ್ನುವುದು ನನಗಾಗಲೀ ಗೈಡ್‌ಬುಕ್ಕಿಗಾಗಲೀ ಹೊಳೆದಿರಲಿಲ್ಲ.

ಮೂರನೇ ದಿನ ಅಮ್ಮ ಕಾಲು ಚಾಚಿ ಕೂತಳು, ನಾನೊಬ್ಬನೇ ಹೊರಟೆ. ಕೋಟೆಯ ಅಡಿಯಲ್ಲಿ 1970ರ ದಶಕದಲ್ಲಿ ಕೊರೆದ ಸುರಂಗವಿದೆ. ಅಣುಯುದ್ಧವಾದರೆ ಊರಿನ ಅಧಿಕಾರಿಗಳು ಅಡಗಲು 80 ಕೋಣೆ. ಅಡಗುವವರ ಪಟ್ಟಿಯಲ್ಲಿ ಊರಿನ ಜನ ಇರಲಿಲ್ಲ ಅನ್ನುವುದೊಂದೇ ಅಲ್ಲಿ ತಿಳಿಯಬೇಕಾದ್ದು, ಹದಿನೈದು ನಿಮಿಷ ಸಾಕು. ಅದಕ್ಕಿಂತ ದುನಾವತ್ ಕೇರಿ ದಾಟಿ ಹಳ್ಳದ ಮೇಲಿರುವ ಅಲಿ ಪಾಶಾನ ಸೇತುವೆಗೆ ನಡೆದದ್ದು ಸಾರ್ಥಕ. ಸೇತುವೆ ಅಂತ ಹೆಸರಾದರೂ ಅದು ನೀರಿನ ದಾರಿ. ಹತ್ತು ಕಿಲೋಮೀಟರಿಗೂ ದೂರದ ಬೆಟ್ಟದಿಂದ ಕೋಟೆಗೆ ನೀರು ತರಲು ಅವನು ಕಟ್ಟಿಸಿದ ಮೇಲ್ಗಾಲುವೆಯಲ್ಲಿ ಉಳಿದ ತುಂಡು. ಮಿಕ್ಕದ್ದನ್ನು 1930ರ ದಶಕದಲ್ಲಿ ಕೆಡವಿ, ಆ ಕಲ್ಲನ್ನು ಕೋಟೆಯ ಜೈಲು ದೊಡ್ಡದು ಮಾಡಲು ಬಳಸಿದರು. ಊರೊಳಗೆ ಹತ್ತು ಫಿರಂಗಿ ನೋಡಿದರೂ ಸಿಟ್ಟು ಬರದ ನನಗೆ ಅಲ್ಲಿ ಬಂತು. ಬೆಳಿಗ್ಗೆ ಬೇಗ ಹೋಗಿ, ಆಡು ಮೇಯಿಸುವವರು ಬಿಟ್ಟರೆ ಯಾರೂ ಇರುವುದಿಲ್ಲ.

ವಾಪಸು ಬಂದಾಗ ಮನೆಯೊಡತಿಯ ಅಡುಗೆಮನೆಯಿಂದ ನಗು ಕೇಳುತ್ತಿತ್ತು. ಒಲೆಯ ಮೇಲೆ ಏನಿತ್ತು ಗೊತ್ತೇ? ಪಡ್ಡಿನ ಹಂಚು! ನಮ್ಮ ಕಡೆ ಅಪ್ಪದ ಕಾವಲಿ ಅನ್ನುತ್ತೇವೆ. ಈ ಊರಿನ ತಿಂಡಿ ಚಿಫ್ಚಿ, ಬೇರೆಲ್ಲೂ ಅಷ್ಟಾಗಿ ಮಾಡುವುದಿಲ್ಲವಂತೆ. ಬೆಂದ ಅನ್ನಕ್ಕೆ ಮೊಟ್ಟೆ, ಪುದೀನ, ಕಾಳುಮೆಣಸು ಕಲಸಿ, ಗುಳಿಗಳಲ್ಲಿ ಎಣ್ಣೆ ಬಿಟ್ಟು, ಉಂಡೆಯನ್ನು ಚಮಚದಿಂದ ತಿರುಗಿಸುತ್ತಾ ಹೊಂಬಣ್ಣಕ್ಕೆ ತರುವುದು. ಅಮ್ಮ ಮೊಟ್ಟೆ ತಿನ್ನುವುದಿಲ್ಲ. ಎರಡು ದಿನ ಪಾಲಕ್ ಬೈರೆಕ್ (ತೆಳು ಪದರಗಳ ನಡುವೆ ಹೂರಣ ಇಟ್ಟು ಬೇಯಿಸಿದ್ದು), ಹುರುಳಿಕಾಯಿ, ಮೊಸರಲ್ಲಿ ಕಳೆದಿದ್ದಳು. ("ಪಾ ಮಿಶ್" ಅಂದರೆ ಮಾಂಸ ಇಲ್ಲದ್ದು. ಇದೊಂದು ಕಲಿತರೆ ಉಪವಾಸವಿಲ್ಲ. ಮೊಟ್ಟೆಯನ್ನು ಬೇರೆಯಾಗಿ ಕೇಳಬೇಕು.) ಈಗ ಅಮ್ಮನೇ ಚಮಚ ತೆಗೆದುಕೊಂಡು ಬೇರೆ ಅನ್ನ ಕಲಸಿದ್ದಾಳೆ, ಮೊಟ್ಟೆ ಬದಲು ಒಂದು ಹಿಡಿ ಮೈದಾ, ಸ್ವಲ್ಪ ಮೊಸರು. ಮೊದಲ ಎರಡು ಒಡೆದು ಹಂಚಿಗೆ ಅಂಟಿದವು. ಮೂರನೆಯದು ತಿರುಗಿತು. ಮನೆಯೊಡತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆಯನ್ನು ಅತ್ತ ಇತ್ತ ಆಡಿಸಿದಳು.

ಅಮ್ಮನ ಮುಖ ಇಳಿಯಿತು. "ಚೆನ್ನಾಗಿಲ್ವಂತೆ."

ಅಲ್ಲಿಯವರು ಹೌದು ಅನ್ನಲು ತಲೆಯನ್ನು ಅಡ್ಡ ಆಡಿಸುತ್ತಾರೆ, ಇಲ್ಲ ಅನ್ನಲು ಮೇಲಕ್ಕೆತ್ತುತ್ತಾರೆ ಅಂತ ನಾನು ಓದಿದ್ದೆ, ಹೇಳಲು ಮರೆತಿದ್ದೆ. ಹೇಳಿದ ಮೇಲೆ ಅಮ್ಮನೂ ನಮ್ಮ ಶೈಲಿಯಲ್ಲಿ ತಲೆ ತೂಗಿದಳು. ಇಬ್ಬರೂ ಒಬ್ಬರಿಗೊಬ್ಬರು ತಲೆ ಆಡಿಸಿಕೊಂಡು ಉಳಿದ ಹಿಟ್ಟೆಲ್ಲ ಮುಗಿಸಿದರು.

ಸರಾಂಡ ಮತ್ತು ಕೊರ್ಫುವಿನಿಂದ ಒಂದು ದಿನದ ಮಟ್ಟಿಗೆ ಬರುವ ಗುಂಪುಗಳೇ ಅಲ್ಲಿ ಹೆಚ್ಚು. ಹನ್ನೊಂದಕ್ಕೆ ಬಂದು, ಕೋಟೆ ಹತ್ತಿ, ಪೇಟೆಯಲ್ಲಿ ಮ್ಯಾಗ್ನೆಟ್ ಕೊಂಡು, ನಾಲ್ಕಕ್ಕೆ ಬಸ್ಸು. ಅವರಿಗೆ ಊರು ಬರೀ ಏರು ಅನ್ನಿಸಿದರೆ ಆಶ್ಚರ್ಯವಿಲ್ಲ. ನಮ್ಮ ಹಾಗೆ ಮೂರು ರಾತ್ರಿ ಬೇಕೆಂದೇನಿಲ್ಲ, ಎರಡಾದರೂ ಇರಿ. ಒಂದು ರಾತ್ರಿ ಮಳೆ ಬಂದರೆ ನಿಮ್ಮ ಪುಣ್ಯ.

ಮಂಡಿ? ಮ್ಯೂನಿಕ್‌ಗೆ ಮರಳಿ ಎರಡು ದಿನ ಅಮ್ಮ ಸೋಫಾ ಬಿಟ್ಟು ಏಳಲಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ತೀರ್ಥಹಳ್ಳಿಗೆ ಬಂದ ಮೊದಲ ವಾರವೇ, ನಾನು ಎರಡು ವರ್ಷದಿಂದ ನಾಳೆ ನಾಡಿದ್ದು ಅಂತ ತಳ್ಳುತ್ತಿದ್ದ ಕೆಲಸಕ್ಕೆ ಅಮ್ಮನೇ ಫೋನು ಮಾಡಿದಳು. ಹೆಂಚು ಕೈಯಾಡಿಸುವವರು ಬಂದು ಕೊಟ್ಟಿಗೆಯ ಕಡೆಯಿಂದ ಶುರು ಮಾಡಿದರು. ಅಮ್ಮ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, ಯಾವ ಸಾಲಿನ ಎಷ್ಟನೇ ಹೆಂಚು ಜರುಗಿದೆ ಅಂತ ಕೆಳಗಿಂದಲೇ ಹೇಳುತ್ತಿದ್ದಳು.